ಮಣ್ಣಿಲ್ಲದ ಗಿಡಕ್ಕೆ ಆಟಿ ತಿಂಗಳು

ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಹಂಚಿನ ಮನೆಯ ಜಗಲಿ. ಮಾಡಿನ ತುದಿಯಲ್ಲಿ, ಹನಿ ಬೀಳುವ ಸಾಲಿನಿಂದ ಒಂದು ಗೇಣು ಒಳಗೆ, ಒಂದು ಏರ್ ಪ್ಲಾಂಟ್ ತೂಗುತ್ತಿದೆ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿದಾಗ ಸಿಕ್ಕಿದ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಅದರ ನಡುವೆ ಗಿಡವನ್ನು ಕೂರಿಸಿದ್ದಾರೆ. ಕೆಂಪು ಹೊಳಪಿನ ತಂತಿ, ಬೂದುಹಸಿರು ಎಲೆ. ನೋಡಲು ನಿಜಕ್ಕೂ ಚಂದ. ವಿಷು ಕಳೆದ ಮೇಲೆ ತಂದದ್ದು. ಆಟಿಯ, ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳ, ನಡುವಿನಲ್ಲಿ ಒಂದು ದಿನ ಅದನ್ನು ಕೈಗೆತ್ತಿಕೊಂಡು ನಡುವಿನ ಎಲೆ ಮುಟ್ಟಿದರೆ ಸುಳಿಯೇ ಕಿತ್ತು ಕೈಗೆ ಬರುತ್ತದೆ. ಬುಡ ಕಪ್ಪು, ಮೆತ್ತಗೆ, ಕೊಳೆತ ವಾಸನೆ. ಹೊರಗಿನ ಎಲೆಗಳು ಮಾತ್ರ ಇನ್ನೂ ಹಸಿರಾಗಿಯೇ ಇವೆ. "ನೀರು ಕಡಿಮೆಯಾಯಿತೋ ಏನೋ" ಎಂದು ಮನೆಯವರು ಹೇಳುತ್ತಾರೆ. ಹೊರಗೆ ಹತ್ತು ದಿನದಿಂದ ಎಡೆಬಿಡದ ಮಳೆ.

ಆ ಮಾತು ಮನಸ್ಸಿನಿಂದ ಹೋಗುವುದಿಲ್ಲ. ಏಕೆಂದರೆ ಈ ಊರುಗಳಲ್ಲಿ ಏರ್ ಪ್ಲಾಂಟ್ ಸತ್ತ ಮನೆಯವರೆಲ್ಲ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಗಿಡದ ಜೊತೆ ಬರುವ ಚೀಟಿಯಲ್ಲಿ ದಿನಾ ನೀರು ಚಿಮುಕಿಸಿ ಎಂದು ಬರೆದಿರುತ್ತದೆ. ಹೀಟರ್ ಅಥವಾ ಏಸಿ ಹಾಕಿ ಗಾಳಿಯ ತೇವವೆಲ್ಲ ಹೀರಿಹೋದ ಕೋಣೆಗಳಿಗೆಂದು ಹೊರಟ ಬುದ್ಧಿವಾದ ಅದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಸುವ ಕಾಸರಗೋಡಿನಲ್ಲಿ ಆ ಚೀಟಿಯನ್ನು ನಂಬಿದರೆ ಗಿಡ ಉಳಿಯುವುದಿಲ್ಲ. ಇಲ್ಲಿ ಈ ಗಿಡಕ್ಕೆ ನಾವು ಒದಗಿಸಬೇಕಾದದ್ದು ಒಣಗುವ ಅವಕಾಶವನ್ನು. ನೀರು ತಾನಾಗಿ ಬರುತ್ತದೆ. ಚಾಲಿ ಅಡಿಕೆಯನ್ನು ನಲವತ್ತು ನಲವತ್ತೈದು ದಿನ ಅಂಗಳದಲ್ಲಿ ಹರಡಿ, ಕೆದಕಿ, ಮೋಡ ಕಂಡರೆ ಓಡಿಹೋಗಿ ರಾಶಿ ಮಾಡುವ ಜನಕ್ಕೆ ಒಣಗಿಸುವ ವಿದ್ಯೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆ ವಿದ್ಯೆ ಗಿಡಕ್ಕೂ ಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಬಂದಳಿಕೆಯಾ ಇದು?

ಜಗಲಿಯಲ್ಲಿ ಏರ್ ಪ್ಲಾಂಟ್ ತೂಗುಹಾಕಿದ ಮನೆಗೆ ಬಂದ ಹಿರಿಯರು ಮೊದಲು ಕೇಳುವ ಪ್ರಶ್ನೆ ಇದು. ಪ್ರಶ್ನೆ ಸರಿಯಾದದ್ದೇ. ಮಾವಿನ ಮರದ ಕೊಂಬೆಯ ಮೇಲೆ ಮಣ್ಣಿಲ್ಲದೆ ಬೆಳೆಯುವ ಬಂದಳಿಕೆ ಮರದ ರಸವನ್ನೇ ಹೀರುತ್ತದೆ, ಬೆಳೆದರೆ ಕೊಂಬೆ ಸೊರಗುತ್ತದೆ. ಆದರೆ ಅದೇ ತೋಟದ ಹಲಸಿನ ಮರದಲ್ಲಿ ಸೀತಾಳೆ ದಂಡೆಯೂ ಇರುತ್ತದೆ. ಮಲಯಾಳದಲ್ಲಿ ಇಂಥ ಆರ್ಕಿಡ್‌ಗಳಿಗೆ ಮರವಾಳ ಎನ್ನುತ್ತಾರೆ, ಅಂದರೆ ಮರದ ಬಾಳೆ. ಅದು ಮರವನ್ನು ಕುಳಿತುಕೊಳ್ಳಲು ಮಾತ್ರ ಬಳಸುತ್ತದೆ, ಮರದಿಂದ ಏನೂ ಕೀಳುವುದಿಲ್ಲ. ಏರ್ ಪ್ಲಾಂಟ್ ಈ ಎರಡನೆಯ ಜಾತಿಯದು. ಸೀತಾಳೆಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ: ಸೀತಾಳೆ ತನ್ನ ದಪ್ಪ ಬಿಳಿ ಬೇರುಗಳಿಂದ ಮಳೆನೀರು ಹೀರುತ್ತದೆ, ಏರ್ ಪ್ಲಾಂಟ್ ಎಲೆಯಿಂದ ಹೀರುತ್ತದೆ. ಅದರ ಬೇರು ಹಿಡಿದುಕೊಳ್ಳುವುದಕ್ಕೆ ಮಾತ್ರ. ಬೇರನ್ನು ಪೂರ್ತಿ ಕತ್ತರಿಸಿದರೂ ಗಿಡಕ್ಕೆ ಬಾಧಕವಿಲ್ಲ.

ಸಂಬಂಧಿಕರನ್ನು ಹುಡುಕುವುದಾದರೆ ಅನಾನಸಿನ ಹತ್ತಿರ ಹೋಗಬೇಕು. ಟಿಲ್ಲಾಂಡ್ಸಿಯಾ ಎಂಬ ಈ ಕುಲ ಅನಾನಸಿನ ಕುಟುಂಬಕ್ಕೆ ಸೇರಿದ್ದು. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹಿಡಿದು ಮೆಕ್ಸಿಕೋ, ಗ್ವಾಟೆಮಾಲಾ ದಾಟಿ ಅರ್ಜೆಂಟೀನಾ, ಚಿಲಿಯವರೆಗೆ ಇದರ ನೂರಾರು ಪ್ರಭೇದಗಳಿವೆ. ಮರ, ಬಂಡೆ, ಕಳ್ಳಿಗಿಡ, ಕೆಲವು ಕಡೆ ವಿದ್ಯುತ್ ತಂತಿಯ ಮೇಲೂ ಕುಳಿತು ಬೆಳೆಯುತ್ತವೆ. ಹೆಸರಿನ ಹಿಂದೆ ಒಂದು ತಮಾಷೆ ಇದೆ. ಸ್ವೀಡನ್ನಿನಲ್ಲಿ ಹುಟ್ಟಿದ ಎಲಿಯಾಸ್ ಟಿಲ್ಲಾಂಡ್ಸ್ ಎಂಬ ಸಸ್ಯವಿಜ್ಞಾನಿಗೆ ಕಡಲ ಪ್ರಯಾಣವೆಂದರೆ ಆಗುತ್ತಿರಲಿಲ್ಲವಂತೆ. ದೋಣಿ ಹತ್ತುವುದು ಬೇಡವೆಂದು ಕೊಲ್ಲಿಯನ್ನು ಸುತ್ತಿ ನೆಲದ ದಾರಿಯಲ್ಲಿ ಹೋದನೆಂದು ಕಥೆ. ಈ ಗಿಡಕ್ಕೂ ನೀರೆಂದರೆ ಆಗದು ಎಂದುಕೊಂಡು ಸಸ್ಯವಿಜ್ಞಾನಿ ಲಿನೇಯಸ್ ಅವನ ಹೆಸರನ್ನೇ ಇಟ್ಟ. ಗಾಳಿ ಮಾತ್ರ ಸಾಕು ಎಂಬ ತಪ್ಪು ತಿಳಿವಳಿಕೆ ಅಷ್ಟು ಹಳೆಯದು.

ಇದರ ಆಕರ್ಷಣೆಯೂ ಆ ತಪ್ಪಿನಲ್ಲೇ ಅರ್ಧ ಇದೆ ಅನಿಸುತ್ತದೆ. ಚಟ್ಟಿ ಬೇಡ, ಮಣ್ಣು ಬೇಡ, ಗೊಬ್ಬರದ ಚೀಲ ಬೇಡ. ಅಂಗಳದಾಚೆ ಕಾಲಿಟ್ಟರೆ ತೋಟವೇ ಇರುವ ಮನೆಯವರಿಗೂ ಗೋಡೆಯ ಮೊಳೆಯಲ್ಲಿ ತೂಗುವ, ಬೇಕೆಂದಾಗ ಎತ್ತಿ ಮೇಜಿನ ಮೇಲೆ ಇಡಬಹುದಾದ ಗಿಡ ಹೊಸದಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ಬುಡ ತಲೆ ಎಲ್ಲ ತಿರುಗಿಸಿ ನೋಡಬಹುದಾದ ಗಿಡ ಬೇರೆ ಯಾವುದಿದೆ?

ಎಲೆಯ ಮೇಲಿನ ಮುಚ್ಚಳ

ಒಣಗಿದ ಏರ್ ಪ್ಲಾಂಟ್ ಬೂದು ಬಣ್ಣಕ್ಕಿರುತ್ತದೆ. ನೀರಿನಲ್ಲಿ ಅದ್ದಿ ಎತ್ತಿದರೆ ಕಣ್ಣೆದುರಿಗೇ ಹಸಿರಾಗುತ್ತದೆ. ಮೊದಲ ಸಲ ನೋಡಿದವರು ಬಣ್ಣ ಬಿಟ್ಟಿತೆಂದುಕೊಳ್ಳುತ್ತಾರೆ. ಎಲೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ, ಕೆಲವು ಜಾತಿಯಲ್ಲಿ ರೋಮದ ಹಾಗೆ ಉದ್ದವಾಗಿ, ಕೆಲವದರಲ್ಲಿ ಧೂಳಿನ ಹಾಗೆ. ಹುರುಪೆಯ ಹೊರಭಾಗ ಸತ್ತ ಜೀವಕೋಶಗಳದು, ನಡುವೆ ಎಲೆಯೊಳಕ್ಕೆ ಇಳಿಯುವ ತೊಟ್ಟು ಮಾತ್ರ ಜೀವಂತ. ನೀರು ತಾಗಿದಾಗ ಹುರುಪೆ ಉಬ್ಬಿ ಎಲೆಗೆ ಅಂಟಿಕೊಳ್ಳುತ್ತದೆ, ತೊಟ್ಟಿನ ಮೂಲಕ ನೀರು ಒಳಗೆ ಹೋಗುತ್ತದೆ. ಒಣಗಿದಾಗ ಅದೇ ಹುರುಪೆ ಮುದುಡಿ ಮುಚ್ಚಳದ ಹಾಗೆ ಕೂರುತ್ತದೆ, ಒಳಗಿನ ನೀರು ಹೊರಗೆ ಹೋಗುವುದಿಲ್ಲ. ಒದ್ದೆಯಾದಾಗ ಹುರುಪೆ ಪಾರದರ್ಶಕವಾಗುವುದರಿಂದ ಕೆಳಗಿನ ಹಸಿರು ಕಾಣುತ್ತದೆ. ಒಣಗಿದರೆ ಬೆಳಕು ಚೆದುರಿ ಬೂದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅನಾನಸಿನ ಹಾಗೆಯೇ ಈ ಗಿಡಗಳೂ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಟ್ಟು ರಾತ್ರಿ ತೆರೆಯುತ್ತವೆ. ಇಂಗಾಲದ ಡೈ ಆಕ್ಸೈಡನ್ನು ರಾತ್ರಿ ಒಳಗೆ ಎಳೆದುಕೊಂಡು ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಬಿಸಿಲಿನಲ್ಲಿ ಅದನ್ನು ಬಳಸುತ್ತವೆ. ಎಲೆಯ ಮೇಲೆ ನೀರಿನ ಪದರ ಇದ್ದರೆ ಆ ಉಸಿರಾಟ ಕಟ್ಟುತ್ತದೆ. ಸಂಜೆ ಆರು ಗಂಟೆಗೆ ನೀರು ಚಿಮುಕಿಸಿ ಮಲಗಿದರೆ ಗಿಡಕ್ಕೆ ಆ ರಾತ್ರಿ ಉಪವಾಸ. ದಿನಾ ಹಾಗೆ ಮಾಡಿದರೆ ಉಪವಾಸವೂ ಕೊಳೆಯುವಿಕೆಯೂ ಒಟ್ಟಿಗೆ ಶುರುವಾಗುತ್ತವೆ, ಏಕೆಂದರೆ ಸುಳಿಯ ಎಲೆಗಳು ಒಂದಕ್ಕೊಂದು ಒತ್ತಿಕೊಂಡಿರುವಲ್ಲಿ ನಿಂತ ನೀರು ಬೇಗ ಆರುವುದಿಲ್ಲ. ಬೆಂಗಳೂರಿನ ಕಿಟಕಿಯಲ್ಲಿ ಎರಡು ಗಂಟೆಯಲ್ಲಿ ಆರುವ ಎಲೆ ಜುಲೈ ತಿಂಗಳಲ್ಲಿ ಇಲ್ಲಿ ಮರುದಿನ ಬೆಳಗ್ಗೆಯೂ ತೇವವಾಗಿರುತ್ತದೆ. ಮಡಚಿಟ್ಟ ಬಟ್ಟೆಗೇ ಬೂಸಲು ಬರುವ ಕಾಲ ಅದು.

ಹಾಗಾಗಿ ನೀರು ಕೊಡುವುದೆಂದರೆ ಬೆಳಗ್ಗೆ, ಮತ್ತು ಎತ್ತಿದ ಮೇಲೆ ನಾಲ್ಕು ತಾಸಿನೊಳಗೆ ಪೂರ್ತಿ ಆರಬೇಕು. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಗಿಡವನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿಟ್ಟರೆ ಸಾಕು. ಮಾರ್ಚ್‌ ಬಂದಮೇಲೆ ವಾರಕ್ಕೆ ಎರಡು ಸಲ, ಅರ್ಧ ಗಂಟೆಯ ಹಾಗೆ. ಎತ್ತಿದ ಕೂಡಲೇ ತಲೆಕೆಳಗೆ ಹಿಡಿದು ನಾಲ್ಕೈದು ಸಲ ಬಲವಾಗಿ ಕೊಡಹಬೇಕು. ಈ ಕೊಡಹುವಿಕೆಯನ್ನು ಬಿಟ್ಟವರ ಗಿಡವೇ ಮೊದಲು ಕೊಳೆಯುವುದು. ಆಮೇಲೆ ಬಿದಿರಿನ ಗೆರಸೆಯ ಮೇಲೆ ಬುಡ ಮೇಲಾಗಿ ಮಗುಚಿ ಇಡಬೇಕು. ಗೆರಸೆಯ ಸಂದಿನಿಂದ ಕೆಳಗಿನ ಗಾಳಿಯೂ ತಾಗುತ್ತದೆ, ಸ್ಟೀಲಿನ ತಟ್ಟೆಯಲ್ಲಿ ಇಟ್ಟರೆ ಹಾಗಾಗುವುದಿಲ್ಲ. ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ದಿನ ಲೆಕ್ಕ ಹಾಕುವ ಬದಲು ಕೈಯಲ್ಲಿ ಎತ್ತಿ ನೋಡುವುದು ವಾಸಿ. ನೀರು ಕುಡಿದ ಗಿಡ ಬಿಗಿಯಾಗಿ, ಭಾರವಾಗಿ ಇರುತ್ತದೆ. ಬಾಯಾರಿದ ಗಿಡ ಹಗುರ, ಎಲೆಯ ಅಂಚುಗಳು ಒಳಕ್ಕೆ ಮಡಚಿ ದೋಣಿಯ ಹಾಗಾಗಿರುತ್ತವೆ, ತುದಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೀಗೆ ಬಾಯಾರಿದ್ದನ್ನು ಒಮ್ಮೆ ನಾಲ್ಕು ಗಂಟೆ ನೆನೆಸಿಟ್ಟರೆ ಮೂರು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಕೊಳೆತದ್ದು ಮಾತ್ರ ಹಿಂದೆ ಬರುವುದಿಲ್ಲ. ಸಂದೇಹ ಬಂದರೆ ನೀರು ಕೊಡದೆ ಒಂದು ದಿನ ಕಾಯುವುದು ಈ ಕಾರಣಕ್ಕೆ.

ಯಾವ ನೀರು ಎಂಬುದರಲ್ಲಿ ಕಾಸರಗೋಡಿನವರು ಪುಣ್ಯವಂತರು. ಕೆಂಪುಕಲ್ಲಿನ ಗುಡ್ಡದೊಳಗೆ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು, ಸುಣ್ಣದ ಅಂಶ ಕಡಿಮೆ. ಬಾಯಾರು, ಪೆರ್ಲದ ಕಡೆಯ ಮನೆಗಳಲ್ಲಿ ಹೀಗೆ ತಾನಾಗಿ ಹರಿದು ಬರುವ ನೀರು ಈ ಗಿಡಕ್ಕೆ ಹೇಳಿಮಾಡಿಸಿದ್ದು. ಕೊಳವೆಬಾವಿಯ ನೀರಾದರೆ ಒಮ್ಮೆ ಪರೀಕ್ಷಿಸಿ ನೋಡಬೇಕು. ಸ್ಟೀಲು ತಟ್ಟೆಯ ಮೇಲೆ ನಾಲ್ಕು ಹನಿ ಬಿಟ್ಟು ಬಿಸಿಲಿಗೆ ಆರಿಸಿದಾಗ ಬಿಳಿ ವೃತ್ತ ಉಳಿದರೆ ಸುಣ್ಣ, ಕೆಂಚು ಕಲೆ ಉಳಿದರೆ ಕಬ್ಬಿಣ. ಎರಡೂ ಹುರುಪೆಗಳ ಮೇಲೆ ಕೂತು ಬಾಗಿಲು ಮುಚ್ಚುತ್ತವೆ. ಮಳೆನೀರು ಹಿಡಿದಿಟ್ಟುಕೊಳ್ಳುವುದಾದರೆ ಮೊದಲ ಎರಡು ಮಳೆ ಹೋಗಲಿ, ಹಂಚಿನ ಧೂಳು ತೊಳೆದು ಹೋಗಬೇಕು. ಹೊಸ ಜಿಂಕ್ ಶೀಟಿನ ಮಾಡಿನಿಂದ ಇಳಿದ ನೀರು ಬೇಡ, ಸತುವೂ ಈ ಗಿಡಕ್ಕೆ ಆಗದು. ಹಿಡಿದಿಟ್ಟ ಡ್ರಮ್ಮಿಗೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದರೆ ಗಿಡಕ್ಕಿಂತ ಮೊದಲು ಸೊಳ್ಳೆ ಬೆಳೆಯುತ್ತದೆ.

ಪತ್ತನಾಜೆಯಿಂದ ದೀಪಾವಳಿಯವರೆಗೆ

ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನವಾದ ಪತ್ತನಾಜೆಯಂದೇ ಏರ್ ಪ್ಲಾಂಟನ್ನೂ ಒಳಗೆ ತರುವುದು ಒಳ್ಳೆಯದು. ಅದು ಮೇ ತಿಂಗಳ ಕೊನೆಯ ವಾರದ ಆಸುಪಾಸಿಗೆ ಬರುತ್ತದೆ, ಮುಂಗಾರು ಅದರ ಬೆನ್ನಿಗೆ. ಅಷ್ಟರಲ್ಲಿ ಹನಿ ಬೀಳುವ ಸಾಲಿನಿಂದ ಕನಿಷ್ಠ ನಾಲ್ಕೈದು ಅಡಿ ಒಳಗೆ ಗಿಡ ಬಂದಿರಬೇಕು, ಏಕೆಂದರೆ ಗಾಳಿಮಳೆಯ ಎರಚಲು ಮೂರು ಅಡಿಯವರೆಗೆ ಸುಲಭವಾಗಿ ಬರುತ್ತದೆ. ಆದರೆ ಒಳಗೆ ತಂದು ಮೂಲೆಗೆ ಸೇರಿಸಿದರೆ ಬೇರೆ ತೊಂದರೆ. ಹಳೆಯ ಮನೆಗಳ ಮಾಡು ತಗ್ಗು, ಒಳಗಿನ ಗೋಡೆಯ ಬಳಿ ಮಧ್ಯಾಹ್ನವೂ ಮಬ್ಬು. ಲೈಟು ಹಾಕದೆ ಮಧ್ಯಾಹ್ನ ಹನ್ನೆರಡಕ್ಕೆ ಪೇಪರಿನ ಸಣ್ಣ ಅಕ್ಷರ ಆರಾಮವಾಗಿ ಓದಲು ಆಗದ ಜಾಗದಲ್ಲಿ ಈ ಗಿಡ ಇಡಬಾರದು. ಪೂರ್ವ ದಿಕ್ಕಿನ, ಗಾಳಿ ಹಾದುಹೋಗುವ ಕಿಟಕಿ ಉತ್ತಮ. ಗಿಡಗಳ ನಡುವೆ ಒಂದೊಂದು ಗೇಣು ಬಿಡಬೇಕು. ಗೊಂಚಲು ಕಟ್ಟಿ ತೂಗುಹಾಕುವ ಚಂದವೆಲ್ಲ ಬೇಸಗೆಗೆ.

ಜೂನ್, ಜುಲೈನಲ್ಲಿ ಮುಳುಗಿಸುವ ಪದ್ಧತಿಯನ್ನೇ ನಿಲ್ಲಿಸಬೇಕು. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಹತ್ತು ಹದಿನೈದು ದಿನ ಏನೂ ಕೊಡದಿದ್ದರೂ ನಡೆಯುತ್ತದೆ. ಅಂಚು ಮಡಚಿದ್ದು ಕಂಡರೆ ಮಾತ್ರ ಬೆಳಗ್ಗೆ ಒಂದು ಸಲ ಅದ್ದಿ ತಕ್ಷಣ ಎತ್ತಿ, ಕೊಡಹಿ, ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ ನಾಲ್ಕು ಅಡಿ ದೂರದಿಂದ ಎರಡು ಗಂಟೆ ಬಿಡಬೇಕು. ಕರೆಂಟು ಇಲ್ಲದ ದಿನ ನೀರೂ ಇಲ್ಲ. ಈ ಒಂದು ನಿಯಮ ಪಾಲಿಸಿದರೂ ಅರ್ಧ ಗಿಡ ಉಳಿಯುತ್ತದೆ. ಆಟಿಯ ಮುಂದಿನ ಸೋಣ ತಿಂಗಳಲ್ಲಿ ನಡುನಡುವೆ ಮೂರು ನಾಲ್ಕು ದಿನ ಬಿಸಿಲು ಬೀಳುತ್ತದಲ್ಲ, ಆಗ ಒಂದು ಬೆಳಗ್ಗೆ ಹತ್ತು ನಿಮಿಷ ಮುಳುಗಿಸಿ ಎಳೆಬಿಸಿಲಿಗೆ ಇಟ್ಟರೆ ಗಿಡದ ಬಣ್ಣವೇ ಬದಲಾಗುತ್ತದೆ.

ಒಣಗಿಸುವುದು ಮುಖ್ಯ ಎಂದ ಕೂಡಲೇ ಕೆಲವರ ಬುದ್ಧಿ ವಿಪರೀತಕ್ಕೆ ಓಡುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ನಿಜ, ಆದರೆ ಅಲ್ಲಿನ ಮಸಿ ಹುರುಪೆಗಳನ್ನು ಮುಚ್ಚುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡಿನೊಳಗೆ ತೂಗುಹಾಕಿದರೆ ಮಳೆ ಇರುವಷ್ಟು ಹೊತ್ತು ಪರವಾಗಿಲ್ಲ. ಮೋಡ ಸರಿದು ಬಿಸಿಲು ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಗಿಡ ಬೇಯುತ್ತದೆ. ಮೂವತ್ತೆರಡು ಡಿಗ್ರಿ ದಾಟಿದ ಮೇಲೆ ಇದಕ್ಕೆ ನೆರಳೂ ಗಾಳಿಯೂ ಬೇಕು. ಇನ್ನು ಬಚ್ಚಲುಮನೆಯಲ್ಲಿ ತೂಗುಹಾಕಿದ ಏರ್ ಪ್ಲಾಂಟಿನ ಫೋಟೋಗಳು ಎಲ್ಲೆಲ್ಲೂ ಕಾಣುತ್ತವೆ. ಅದು ಒಣಹವೆಯ ದೇಶದವರ ಉಪಾಯ. ನಮ್ಮ ಬಚ್ಚಲಿನಲ್ಲಿ ಹಾಗೆ ಇಟ್ಟರೆ ಮೊದಲು ಪಾಚಿ, ಆಮೇಲೆ ಕೊಳೆತ. ಗಾಜಿನ ಬುರುಡೆಯೊಳಗೆ ಜಲ್ಲಿ ಹಾಕಿ ಇಡುವ ಪದ್ಧತಿಯೂ ಇಲ್ಲಿಗೆ ಹೇಳಿಸಿದ್ದಲ್ಲ, ಬಾಯಿ ಎಷ್ಟು ಅಗಲವಿದ್ದರೂ.

ಮೈಲುತುತ್ತು

ಮಳೆಗಾಲದ ಸಾವುಗಳಲ್ಲಿ ಎಲ್ಲವೂ ಕೊಳೆತದ್ದಲ್ಲ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಇನ್ನೊಂದು ಕಾರಣವಿದೆ, ಅದರತ್ತ ಯಾರ ಬೆರಳೂ ಹೋಗುವುದಿಲ್ಲ.

ಮದ್ದು ಬಿಡುವ ದಿನದ ಗಡಿಬಿಡಿ ನೆನಪು ಮಾಡಿಕೊಳ್ಳಿ. ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬರುವ ಮೊದಲು, ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ ಕರಗಿಸಿ ಎರಡನ್ನೂ ಸೇರಿಸಿದರೆ ನೂರು ಲೀಟರ್ ಬೋರ್ಡೋ ದ್ರಾವಣ. ಮೋಡ ಬಿರಿದ ಅರ್ಧ ದಿನ ಸಿಕ್ಕಿದರೆ ಸಾಕು, ಮದ್ದು ಬಿಡುವವರು ಬಂದೇಬಿಟ್ಟರು. ಪಂಪು ಹೂಡುವ ಮೊದಲು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಾರೆ, ಬಾವಿಗೆ ಟಾರ್ಪಾಲು ಮುಚ್ಚುತ್ತಾರೆ, ಮಕ್ಕಳನ್ನು ಒಳಗೆ ಕರೆಯುತ್ತಾರೆ, ಕಾರು ಇದ್ದರೆ ಶೆಡ್ಡಿಗೆ. ಜಗಲಿಯಲ್ಲಿ ತೂಗುವ ಗಿಡವನ್ನು ಮಾತ್ರ ಯಾರೂ ನೋಡುವುದಿಲ್ಲ, ಗಿಡಕ್ಕೆ ಮದ್ದು ತಾಗಿದರೆ ಒಳ್ಳೆಯದೇ ಅಲ್ಲವೇ ಎಂಬ ಲೆಕ್ಕ. ಮರದ ತುದಿಯ ಗೊನೆಗೆ ಬಿಟ್ಟ ಮಂಜು ಗಾಳಿಗೆ ತೇಲಿ ಬಂದು ಮೆಟ್ಟಿಲ ಮೇಲೆ, ಮಲ್ಲಿಗೆಯ ಎಲೆಯ ಮೇಲೆ ನೀಲಿ ಚುಕ್ಕೆಯಾಗಿ ಕೂರುತ್ತದೆ. ಮಲ್ಲಿಗೆಗೆ ಏನೂ ಆಗುವುದಿಲ್ಲ. ಏರ್ ಪ್ಲಾಂಟ್ ಎಲೆಯಿಂದಲೇ ತಿನ್ನುವ ಗಿಡ. ಮೇಲೆ ಬಿದ್ದದ್ದನ್ನು ಆರಿಸಿ ಬೇಡವೆನ್ನಲು ಅದಕ್ಕೆ ಗೊತ್ತಿಲ್ಲ. ಈ ಕುಟುಂಬದ ಗಿಡಗಳಿಗೆ ತಾಮ್ರವೆಂದರೆ ವಿಷ. ನಾಲ್ಕಾರು ದಿನದಲ್ಲಿ ಎಲೆಯ ತುದಿ ಕಪ್ಪಾಗುತ್ತದೆ, ಸುಳಿ ನಿಲ್ಲುತ್ತದೆ. ಆಮೇಲೆ ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ.

ಮೊದಲ ಪ್ಯಾರಾದ ಮೋಟಾರು ತಂತಿಯ ಕಥೆಯೂ ಇದೇ. ವೈಂಡಿಂಗ್ ತಂತಿಗೆ ಮೇಲೊಂದು ಲೇಪವಿರುತ್ತದೆ ನಿಜ, ಆದರೆ ಸುಟ್ಟ ಮೋಟಾರಿನದಾದರೆ ಆ ಲೇಪ ಸುಟ್ಟು ಉದುರಿರುತ್ತದೆ. ಒದ್ದೆಯಾದಾಗಲೆಲ್ಲ ಸ್ವಲ್ಪ ಸ್ವಲ್ಪ ತಾಮ್ರ ಬುಡಕ್ಕೆ ಇಳಿಯುತ್ತದೆ. ಅದಕ್ಕೆ ಎರಚಲು, ಆಟಿ ಎರಡೂ ಸೇರಿದರೆ ಉಳಿಯುವುದು ಹೇಗೆ? ಮದ್ದು ಬಿಡುವ ದಿನ ಗಿಡವನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಇಟ್ಟು, ಒಂದೆರಡು ಜೋರು ಮಳೆ ಬಂದು ಸುತ್ತಲಿನದೆಲ್ಲ ತೊಳೆದುಹೋದ ಮೇಲೆ ಹೊರಗೆ ತಂದರೆ ಆಯಿತು. ಆ ವಾರ ಮಾಡಿನಿಂದ ಹಿಡಿದ ನೀರನ್ನೂ ಕೊಡಬಾರದು. ಅಂದಹಾಗೆ, ಗಾಳಿಯಲ್ಲಿದ್ದದ್ದನ್ನೆಲ್ಲ ಹೀರಿಟ್ಟುಕೊಳ್ಳುವ ಈ ಗುಣದಿಂದಲೇ ಸ್ಪ್ಯಾನಿಷ್ ಮಾಸ್‌ನಂಥ ಪ್ರಭೇದಗಳನ್ನು ಹೊರದೇಶಗಳಲ್ಲಿ ವಾಯುಮಾಲಿನ್ಯದ ಭಾರಲೋಹ ಅಳೆಯಲು ಬಳಸಿದ್ದಾರೆ. ಅದನ್ನೇ ಹಿಡಿದುಕೊಂಡು ಮನೆಯ ಗಾಳಿ ಶುದ್ಧ ಮಾಡುತ್ತದೆ ಎಂದು ಮಾರುವುದು ವ್ಯಾಪಾರದ ಮಾತು. ಒಂದು ಮುಷ್ಟಿ ಗಿಡ ಒಂದು ಕೋಣೆಯ ಗಾಳಿಗೆ ಏನು ಮಾಡೀತು?

ತೂಗುಹಾಕುವ ಮೊದಲು

ತಂತಿಯೇ ಬೇಕೆಂದರೆ ಸ್ಟೇನ್‌ಲೆಸ್ ಸ್ಟೀಲು ಅಥವಾ ಅಲ್ಯೂಮಿನಿಯಂ. ಎಲ್ಲಕ್ಕಿಂತ ಅನುಕೂಲ ಗಾಳದ ನೈಲಾನ್ ದಾರ, ಕಣ್ಣಿಗೂ ಕಾಣುವುದಿಲ್ಲ. ಕುಂಬಳೆ, ಉಪ್ಪಳದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಕೊಂಬೆಯ ಮೇಲೆ ಕೂರಿಸುವುದಾದರೆ ಪೇರಳೆ, ಹುಣಸೆ, ಕಾಫಿ ಇಂಥ ಗಟ್ಟಿ ಮರದ್ದು, ಚೆನ್ನಾಗಿ ಒಣಗಿದ್ದು ಬೇಕು. ರಬ್ಬರ್ ಮರ ಬೇಡ. ಹಸಿಯದಕ್ಕೆ ಬೇಗ ಬೂಸಲು ಹಿಡಿಯುತ್ತದೆ, ಮಿಲ್ಲಿನಿಂದ ಬಂದದ್ದಕ್ಕೆ ಬೋರಾನಿನ ಮದ್ದು ಕುಡಿಸಿರುತ್ತಾರೆ, ಅದೂ ಇದಕ್ಕೆ ಹಾನಿ. ಮಳೆಗಾಲದಲ್ಲಿ ಕಡಲು ತಂದು ಹಾಕುವ ತೊಳೆದ ಕೊಂಬೆಗಳು ನೋಡಲು ಅದ್ಭುತ. ಕಣ್ವತೀರ್ಥದ ದಂಡೆಯಲ್ಲಿ ಹೆಕ್ಕಿದ್ದನ್ನು ಹಾಗೆಯೇ ಬಳಸಿದರೆ ಉಪ್ಪು ಗಿಡವನ್ನು ಸುಡುತ್ತದೆ. ಎರಡು ವಾರ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಕೊನೆಗೆ ನಾಲಗೆಯ ತುದಿಗೆ ತಾಗಿಸಿ ಉಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ಬಿಸಿಲಿಗೆ ಒಣಗಿಸಬೇಕು.

ತೆಂಗಿನ ಗೆರಟೆಯಲ್ಲಿ ಇಡುವುದು ನಮ್ಮ ಕಡೆಯ ಸಹಜ ಆಲೋಚನೆ. ಬಟ್ಟಲಿನ ಹಾಗೆ ಇಟ್ಟರೆ ನೀರು ನಿಲ್ಲುತ್ತದೆ, ಅಡಿಗೆ ಮೂರು ತೂತು ಹಾಕಿದರೂ ಗಾಳಿ ಆಡುವುದಿಲ್ಲ. ಗೆರಟೆಯನ್ನು ಅಡ್ಡಕ್ಕೆ ಕಟ್ಟಿ, ಅದರ ಅಂಚಿಗೆ ಗಿಡವನ್ನು ಬಿಗಿದರೆ ಚಂದವೂ ಉಳಿಯುತ್ತದೆ, ಗಿಡವೂ. ತೆಂಗಿನ ಸಿಪ್ಪೆ ಆರ್ಕಿಡ್‌ಗೆ ಸರಿ, ಇದಕ್ಕಲ್ಲ; ನೀರು ಹಿಡಿದಿಟ್ಟುಕೊಳ್ಳುವ ಯಾವುದನ್ನೂ ಬುಡಕ್ಕೆ ಒತ್ತಬಾರದು. ಎಲ್ಲಕ್ಕಿಂತ ಇಷ್ಟವಾಗುವುದು ಕೆಂಪುಕಲ್ಲು. ಹಳೆಯ ಕಲ್ಲಿನ ಮೈಯಲ್ಲಿ ಬೆರಳು ಹೋಗುವಷ್ಟು ಕಣ್ಣುಗಳಿರುತ್ತವಲ್ಲ, ಅವುಗಳಲ್ಲಿ ಸಣ್ಣ ಗಿಡಗಳನ್ನು ಸುಮ್ಮನೆ ಸಿಕ್ಕಿಸಿದರೆ ಗುಡ್ಡದ ತುಂಡೇ ಮನೆಗೆ ಬಂದ ಹಾಗಿರುತ್ತದೆ. ಗಿಡದ ಬೂದು ಬಣ್ಣಕ್ಕೆ ಆ ಕೆಂಪಿಗಿಂತ ಒಳ್ಳೆಯ ಹಿನ್ನೆಲೆ ಸಿಗಲಾರದು. ಇದು ಬೇಸಗೆಯ ವೇಷ ಮಾತ್ರ, ಮಳೆಗಾಲದಲ್ಲಿ ಆ ಕಲ್ಲು ನೀರು ಹೀರಿ ಕೂರುತ್ತದೆ. ಅಂಟಿಸದೆ ಸಿಕ್ಕಿಸಿಟ್ಟದ್ದರ ಲಾಭವೂ ಅದೇ, ನೀರು ಕೊಡುವಾಗ ಗಿಡ ಮಾತ್ರ ಕೈಗೆ ಬರುತ್ತದೆ.

ಕಟ್ಟುವಾಗ ಕೆಳಗಿನ ಹಳೆಯ ಎಲೆಗಳ ಸುತ್ತ ಎರಡು ಸುತ್ತು ದಾರ, ಗಿಡ ಅಲುಗಾಡದಷ್ಟು ಬಿಗಿ, ಎಲೆ ಕತ್ತರಿಸದಷ್ಟು ಸಡಿಲ. ತಲೆ ನೇರ ಮೇಲಕ್ಕಿರಬಾರದು, ಪಕ್ಕಕ್ಕೆ ಓರೆಯಾಗಿದ್ದರೆ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕಾಡಿನಲ್ಲಿಯೂ ಎಷ್ಟೋ ಗಿಡಗಳು ಹಾಗೇ ಓರೆಯಾಗಿ, ಕೆಲವು ತಲೆಕೆಳಗಾಗಿ ಬೆಳೆಯುತ್ತವೆ. ಕೆಲವು ತಿಂಗಳಲ್ಲಿ ಹೊಸ ಬೇರು ಬಂದು ಕೊಂಬೆ ಹಿಡಿದ ಮೇಲೆ ದಾರ ಕತ್ತರಿಸಬಹುದು. ಗೊಬ್ಬರ ಬೇಕೇಬೇಕೆಂದಿಲ್ಲ. ಕೊಡುವುದಾದರೆ ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ 19:19:19 ಒಂದು ಗ್ರಾಂ ನಾಲ್ಕು ಲೀಟರಿಗೆ, ತಿಂಗಳಿಗೊಮ್ಮೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ತಾಮ್ರ, ಸತು, ಬೋರಾನ್ ಬೆರೆಸಿದ ಪೊಟ್ಟಣ ಬೇಡ. ಸೆಗಣಿನೀರು, ಜೀವಾಮೃತ ಎಂದು ಹೊರಡುವವರಿಗೆ ಕೈಮುಗಿಯಬೇಕಷ್ಟೇ. ಇಲ್ಲಿ ಕೊಳೆಸಿ ಕೊಡಲು ಮಣ್ಣೇ ಇಲ್ಲ ಮಾರಾಯ್ರೇ, ಎಲ್ಲ ಎಲೆಯ ಮೇಲೇ ಲೋಳೆಯಾಗಿ ಕೂರುತ್ತದೆ. ಬೇವಿನೆಣ್ಣೆಯೂ ಹಾಗೆಯೇ. ಬಿಳಿ ಹಿಟ್ಟುತಿಗಣೆ ಕಂಡರೆ ಹತ್ತಿಯ ಕಡ್ಡಿಯನ್ನು ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ನೀರಿನಲ್ಲಿ ತೊಳೆದರೆ ಸಾಕು. ವಾರ ಬಿಟ್ಟು ಮತ್ತೊಮ್ಮೆ.

ಯಾವುದನ್ನು ತರಬೇಕು

ನರ್ಸರಿಯಲ್ಲಿ ನಿಂತಾಗ ಒಂದು ಹೆಬ್ಬೆರಳಿನ ನಿಯಮ ನೆನಪಿದ್ದರೆ ಸಾಕು: ಎಲೆ ಹೆಚ್ಚು ಬೆಳ್ಳಗೆ, ರೋಮ ಹೆಚ್ಚು ಇದ್ದಷ್ಟೂ ಅದು ಒಣ ಊರಿನ ಗಿಡ. ಟೆಕ್ಟೋರಂ ಎಂಬುದು ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ, ಎಲ್ಲರ ಕೈಯೂ ಮೊದಲು ಅದಕ್ಕೇ ಹೋಗುತ್ತದೆ. ಆಂಡೀಸ್ ಪರ್ವತದ ಒಣ ಇಳಿಜಾರಿನಿಂದ ಬಂದ ಅದನ್ನು ಕರಾವಳಿಗೆ ತರುವುದು ಅನ್ಯಾಯ. ದೊಡ್ಡ ಗುಂಗುರು ಎಲೆಯ ಜೆರೋಗ್ರಾಫಿಕಾ ಬೆಲೆಯೂ ಹೆಚ್ಚು, ಇಲ್ಲಿ ಅಪಾಯವೂ ಹೆಚ್ಚು. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ. ಕಾಡಿನಿಂದ ಕಿತ್ತದ್ದಲ್ಲ, ಬೆಳೆಸಿದ್ದು ಎಂದು ಹೇಳಬಲ್ಲವರಿಂದ ಮಾತ್ರ ಕೊಳ್ಳಬೇಕು. ಹಸಿರು ಎಲೆಯ ಬ್ರಾಕಿಕೌಲೋಸ್, ಬುಟ್ಜಿ, ಸ್ಟ್ರಿಕ್ಟಾ ನಮ್ಮ ಹವೆಗೆ ಹೆಚ್ಚು ಹೊಂದುತ್ತವೆ. ಬೆರಳುದ್ದದ ಅಯೊನಾಂಥಾ ಎಲ್ಲಿ ಹೋದರೂ ಹೇಗೋ ಬದುಕುವ ಜಾತಿ, ಹೊಸಬರಿಗೆ ಅದೇ ಸರಿ. ಬಲ್ಬೋಸಾ ತಗ್ಗುಪ್ರದೇಶದ ತೇವದ ಕಾಡಿನದು, ಈರುಳ್ಳಿಯ ಹಾಗೆ ಉಬ್ಬಿದ ಬುಡ, ಹಾವಿನ ಹಾಗೆ ತಿರುಚಿದ ಎಲೆ. ಅದರ ತವರಿನಲ್ಲಿ ಆ ಬುಡದ ಪೊಳ್ಳಿನಲ್ಲಿ ಇರುವೆಗಳು ಗೂಡು ಕಟ್ಟುತ್ತವೆ. ಇಲ್ಲಿಯೂ ಇರುವೆ ಹೊಕ್ಕರೆ ಗಾಬರಿ ಬೇಡ. ಆದರೆ ಪೊಳ್ಳಿನೊಳಗೆ ನೀರು ಹೊಕ್ಕರೆ ಗಾಬರಿಯಾಗಬೇಕು, ಆದ್ದರಿಂದ ಅದನ್ನು ಮುಳುಗಿಸದೆ ಎಲೆಯ ತುದಿ ಮಾತ್ರ ಅದ್ದುವುದು, ತಲೆಕೆಳಗಾಗಿ ತೂಗುಹಾಕುವುದು.

ಮತ್ತೆ ಸ್ಪ್ಯಾನಿಷ್ ಮಾಸ್. ಹೆಸರಿನಲ್ಲಿ ಪಾಚಿ, ನಿಜದಲ್ಲಿ ಇದೂ ಟಿಲ್ಲಾಂಡ್ಸಿಯಾ. ಬೆಳ್ಳಿ ಬಣ್ಣದ ನೂಲಿನ ಹಾಗೆ ಇಳಿಬೀಳುವ ಇದು ಬಿಳಿಯಾಗಿದ್ದೂ ನಮ್ಮ ಮಳೆಯನ್ನು ತಡೆದುಕೊಳ್ಳುತ್ತದೆ, ಏಕೆಂದರೆ ಪ್ರತಿ ಎಳೆಯೂ ತೆಳು, ಸುಳಿಯ ಬಟ್ಟಲೇ ಇಲ್ಲ, ಒದ್ದೆಯಾದಷ್ಟೇ ಬೇಗ ಆರುತ್ತದೆ. ದಪ್ಪ ಜಡೆಯಾಗಿ ತೂಗುಹಾಕಿದರೆ ಮಾತ್ರ ನಡುವಿನ ಎಳೆಗಳು ಕಪ್ಪಾಗುತ್ತವೆ. ಬೆರಳಿನಷ್ಟು ದಪ್ಪದ ಎಳೆಗಳಾಗಿ ಬಿಡಿಸಿ ಹರಡಬೇಕು. ಅಮೆರಿಕದಲ್ಲಿ ಒಂದು ಕಾಲಕ್ಕೆ ಇದನ್ನು ಒಣಗಿಸಿ ಹಾಸಿಗೆಗೆ, ಕಾರಿನ ಸೀಟಿಗೆ ತುಂಬುತ್ತಿದ್ದರು. ನಮ್ಮಲ್ಲಿ ತೆಂಗಿನ ನಾರು ಮಾಡಿದ ಕೆಲಸ ಅಲ್ಲಿ ಇದು ಮಾಡಿತು. ಕೊಳ್ಳುವಾಗ ಗುಲಾಬಿ, ನೀಲಿ ಬಣ್ಣ ಬಳಿದ ಗಿಡಗಳನ್ನು ಮುಟ್ಟಲೂ ಹೋಗಬಾರದು. ಬಣ್ಣ ಹುರುಪೆಗಳ ಮೇಲೆಯೇ ಕೂತಿರುತ್ತದೆ. ಬುಡವನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, ಗಟ್ಟಿಯಿದ್ದರೆ ತೆಗೆದುಕೊಳ್ಳಿ.

ಹೂವಿನ ವಿಷಯಕ್ಕೆ ಬಂದರೆ ಬಾಳೆ ಗೊತ್ತಿದ್ದವರಿಗೆ ವಿವರಿಸುವ ಕಷ್ಟವಿಲ್ಲ. ಒಂದು ಗಿಡ ಒಂದೇ ಸಲ ಹೂ ಬಿಡುತ್ತದೆ. ಅಯೊನಾಂಥಾ ಹೂ ಬಿಡುವ ಮೊದಲು ಸುಳಿಯ ಎಲೆಗಳೆಲ್ಲ ಕೆಂಪೇರುತ್ತವೆ, ನೇರಳೆ ಬಣ್ಣದ ಕೊಳವೆಯಂಥ ಹೂವು ಕೆಲವು ದಿನ ಇರುತ್ತದೆ. ಅದರ ತವರಿನ ಝೇಂಕಾರದ ಹಕ್ಕಿಗಳಿಗೆಂದು ಮಾಡಿಕೊಂಡ ಆಕಾರ ಅದು. ಆಮೇಲೆ ಬುಡದಲ್ಲಿ ಎರಡು ಮೂರು ಕಂದುಗಳು, ತಾಯಿ ನಿಧಾನಕ್ಕೆ, ಒಂದೆರಡು ವರ್ಷ ಹಿಡಿದು ಒಣಗುತ್ತದೆ. ಹೂವಾದ ಮೇಲೆ ಗಿಡ ಸಾಯುತ್ತಿದೆ ಎಂದು ಎಸೆಯುವವರು ಕಂದುಗಳನ್ನೂ ಎಸೆಯುತ್ತಾರೆ. ಕಂದು ತಾಯಿಯ ಮೂರರಲ್ಲಿ ಒಂದು ಪಾಲಿನಷ್ಟಾದ ಮೇಲೆ ಬುಡದಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಬಿಡಿಸಿಕೊಂಡು ಬರುತ್ತದೆ. ಬಿಡಿಸದೆ ಬಿಟ್ಟರೆ ವರ್ಷಗಳಲ್ಲಿ ಉಂಡೆ ಕಟ್ಟುತ್ತದೆ. ಒಣ ಊರಿನಲ್ಲಿ ಉಂಡೆ ಚಂದ, ಇಲ್ಲಿ ಉಂಡೆಯ ನಡುವೆ ಗಾಳಿ ಹೋಗದು, ಆದ್ದರಿಂದ ಬಿಡಿಸುವುದೇ ಸರಿ. ಬಿಡಿಸುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬಾರದು, ಮುರಿದ ಜಾಗ ಆರದೆ ಅಲ್ಲಿಂದಲೇ ಕೊಳೆ ಹೊಕ್ಕುತ್ತದೆ. ದೀಪಾವಳಿ ಕಳೆದ ಮೇಲಾದರೂ ತುಲಾ ತಿಂಗಳ ಸಂಜೆಯ ಗುಡುಗುಮಳೆ ನಿಂತಿದೆಯೇ ಎಂದು ನೋಡಿಕೊಂಡು, ಒಂದು ಬಿಸಿಲಿನ ಬೆಳಗ್ಗೆ ಬಿಡಿಸಿ, ಮುರಿದ ಬುಡವನ್ನು ಎರಡು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಮೂರನೆಯ ದಿನ ಮೊದಲ ಸಲ ನೀರಿಗೆ ಹಾಕುವುದು. ಏಳು ಗಂಟೆಗೆ ಹಾಕಿ ಏಳು ಇಪ್ಪತ್ತಕ್ಕೆ ತೆಗೆದರೆ ಹನ್ನೊಂದರ ಹೊತ್ತಿಗೆ ಗೆರಸೆಯ ಮೇಲಿನ ಹಸಿರೆಲ್ಲ ಮತ್ತೆ ಬೂದು.